ಅಗಳಿಯೂ ಹಸುರು ಗುಂಡಿಯೂ

ಬಾಗಿಲಿನ ಅಂಗಾಂಗಗಳಲ್ಲಿ ಮರ್ಯಾದೆಯ ಹಂಚಿಕೆ ನ್ಯಾಯವಾಗಿ ನಡೆದಿಲ್ಲವೆಂಬುದು ನನ್ನ ಬಹುದಿನದ ಅಭಿಪ್ರಾಯ. ಹೊಸ್ತಿಲಿಗೆ ಅರಿಸಿನ ಕುಂಕುಮಗಳ ಪೂಜೆ ಸಲ್ಲುತ್ತದೆ. ಚೌಕಟ್ಟಿನ ನೆತ್ತಿಗೆ ಹಬ್ಬಹಬ್ಬಕ್ಕೂ ಮಾವಿನ ತೋರಣ ಏರುತ್ತದೆ. ಕೀಲಿಕೈಯ ಗೊಂಚಲಂತೂ ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಎಂದು ಇಳಿದೀತೆಂಬ ಪ್ರಶ್ನೆಯ ಸುತ್ತ ಎಷ್ಟೋ ಮನೆತನಗಳ ರಾಜಕಾರಣವೇ ನಡೆದುಹೋಗಿದೆ. ಆದರೆ ಇವುಗಳ ನಡುವೆ ಹಗಲಿರುಳೆನ್ನದೆ ದುಡಿಯುವ ಚಿಲಕವನ್ನು ಆದರದಿಂದ ವಿಚಾರಿಸಿದವರನ್ನು ನಾನು ಕಂಡಿಲ್ಲ. ಅದು ಮಾಡುವ ಕೆಲಸವಾದರೂ ಸಾಮಾನ್ಯವಾದುದಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ನಿಂತಿರುವ ತನಕ ಬಾಗಿಲು ಮುಚ್ಚಿರುತ್ತದೆ, ಅವನು ಅತ್ತ ಸರಿದೊಡನೆ ಗಾಳಿಯ ಪಾಲಾಗುತ್ತದೆ. ಚಿಲಕ ಹಾಕಿದವನಾದರೋ ಹೊಲಕ್ಕೆ ಹೋಗಬಹುದು, ನಿಪ್ಪಾಣಿಯ ಪೇಟೆಗೆ ಹೋಗಬಹುದು, ಒಳಗೆ ಮಲಗಿ ನಿದ್ರೆಯನ್ನೂ ಮಾಡಬಹುದು, ಅವನ ಇಚ್ಛೆ ಮಾತ್ರ ಅವನನ್ನು ಬಿಟ್ಟು ಬಾಗಿಲ ಬಳಿಯಲ್ಲೇ ಉಳಿದಿರುತ್ತದೆ. ಒಂದು ಕ್ಷಣದ ಕ್ರಿಯೆಯನ್ನು ಸ್ಥಿತಿಯನ್ನಾಗಿ ಮಾರ್ಪಡಿಸುವುದು, ಕೈ ಹೋದ ಮೇಲೂ ಕೈಯ ಆಜ್ಞೆಯನ್ನು ಧರಿಸಿ ನಿಲ್ಲುವುದು, ಇದೇ ಚಿಲಕದ ಧರ್ಮ. ಮತ್ತು ಈ ಧರ್ಮವನ್ನು ಮರ ಕಬ್ಬಿಣಗಳು ಪಾಲಿಸುವ ರೀತಿಗೂ ವಿದ್ಯುತ್ತು ಪಾಲಿಸುವ ರೀತಿಗೂ ಇರುವ ಭೇದವನ್ನು ಯೋಚಿಸುತ್ತ ಕೂಡುವುದು, ವಯಸ್ಸಾದ ಮಾಸ್ತರನೊಬ್ಬನಿಗೆ, ಇಸ್ಪೀಟಿಗಿಂತ ಕಡಿಮೆ ಖರ್ಚಿನ ವಿನೋದ.

ನಾನಿರುವ ಕೊಗನೊಳ್ಳಿ ಈ ಯೋಚನೆಗೆ ಅನುಕೂಲವಾದ ಊರು. ನಿಪ್ಪಾಣಿ ತಾಲೂಕಿನ ಅಂಚಿನಲ್ಲಿರುವ ಇದನ್ನು ದಾಟಿ ದೂಧಗಂಗೆಯ ಸೇತುವೆಯನ್ನೇರಿದರೆ ಆಚೆಗೆ ಕಾಗಲ, ಎಂದರೆ ಮಹಾರಾಷ್ಟ್ರ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೊರಟ ಹೆದ್ದಾರಿ, ಹಿಂದೆ 4 ಎಂಬ ಸಂಖ್ಯೆಯನ್ನೂ ಈಗ 48 ಎಂಬ ಸಂಖ್ಯೆಯನ್ನೂ ಹೊತ್ತುಕೊಂಡಿರುವುದು, ಕರ್ನಾಟಕದಲ್ಲಿ ಕಟ್ಟಕಡೆಯ ಸುಂಕವನ್ನು ತೆರುವುದು ನಮ್ಮೂರಿನ ಟೋಲ್ ನಾಕೆಯಲ್ಲಿ. ಕೊರೊನಾದ ಕಾಲದಲ್ಲಿ, 2021ರಲ್ಲಿ, ಆಚೆಯಿಂದ ಬರುವವರ ಕೈಯಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯ ನೆಗೆಟಿವ್ ವರದಿ ಇಲ್ಲದಿದ್ದರೆ ಇಲ್ಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಅಂದು ಟಿವಿಯಲ್ಲಿ ನಮ್ಮೂರ ಹೆಸರು ಕೇಳಿದಷ್ಟು ಮತ್ತೆಂದೂ ಕೇಳಿಲ್ಲ. ರಾಜ್ಯದ ಹೆಬ್ಬಾಗಿಲಲ್ಲಿ ಮನೆ ಕಟ್ಟಿಕೊಂಡವರಿಗೆ ತೆರೆಯುವುದು, ಮುಚ್ಚುವುದು, ಮುಚ್ಚಿದ್ದನ್ನು ಮುಚ್ಚಿಯೇ ಇಡುವುದು, ಈ ಮೂರರ ವಿಚಾರ ತಾನಾಗಿ ಬರುತ್ತದೆ.

ಊರೊಳಗಿನ ಹಳೆಯ ವಾಡೆಗಳಲ್ಲಿ ಒಂದೆರಡರ ತಲೆಬಾಗಿಲು ಇನ್ನೂ ಉಳಿದಿದೆ. ಅಂಥ ಒಂದು ಬಾಗಿಲ ಒಳಮಗ್ಗುಲಲ್ಲಿ ನಿಂತು ನೋಡಬೇಕು. ಕಲ್ಲುಮಣ್ಣಿನ ಗೋಡೆ ಮೊಳಕ್ಕೂ ಮಿಗಿಲಾಗಿ ದಪ್ಪ. ಆ ದಪ್ಪದಲ್ಲಿ, ಆಳೆತ್ತರದ ನಡುವಿಗೆ ಸರಿಯಾಗಿ, ಒಂದು ಪಕ್ಕಕ್ಕೆ ಆಳವಾದ ಬಿಲವನ್ನೂ ಎದುರು ಪಕ್ಕಕ್ಕೆ ಗೇಣುದ್ದದ ಗೂಡನ್ನೂ ಬಿಟ್ಟಿರುತ್ತಾರೆ. ಹಗಲಲ್ಲಿ ಅಗಳಿಯ ತೊಲೆ ಬಿಲದೊಳಗೆ ಪೂರ್ತಿಯಾಗಿ ಅಡಗಿದ್ದು, ಅದರ ತುದಿಗೆ ಹೊಡೆದ ಕಬ್ಬಿಣದ ಬಳೆಯೊಂದೇ ಹೊರಗೆ ಕಾಣುತ್ತದೆ. ದನಗಳು ಒಳಗಾಗಿ ದೀಪ ಹಚ್ಚಿದ ಮೇಲೆ ಮನೆಯ ಗಂಡಸು ಆ ಬಳೆಗೆ ಬೆರಳು ತೂರಿಸಿ ಎಳೆದನೆಂದರೆ ಅದು ಒಳಗಿನ ಧೂಳನ್ನು ಅರೆಯುತ್ತ, ಎರಡೂ ಕದಗಳ ಬೆನ್ನನ್ನು ಸವರಿಕೊಂಡು ಹಾದು, ಎದುರಿನ ಗೂಡಿನಲ್ಲಿ ಧಡ್ಡೆಂದು ಕೂಡುತ್ತದೆ. ತಲೆಮಾರುಗಳ ಅಂಗೈಯ ಎಣ್ಣೆ ಕುಡಿದು ಸಾಗುವಾನಿಯ ಆ ಭಾಗ ಮಾತ್ರ ಮಿರುಗುತ್ತಿರುತ್ತದೆ. ಉಳಿದ ಮರಕ್ಕೆ ಗೆದ್ದಲಿನ ಕಲೆ. ದೊಡ್ಡ ಕದದಲ್ಲಿಯೇ ಕೊರೆದ ದಿಡ್ಡಿ ಬಾಗಿಲೊಂದುಂಟು. ರಾತ್ರಿ ತಡವಾಗಿ ಬಂದವನು ಅದರೊಳಗಿಂದ ತಲೆ ತಗ್ಗಿಸಿ, ಹಿರಿಯರು ಎಚ್ಚರವಿದ್ದರೆ ಇನ್ನಷ್ಟು ತಗ್ಗಿಸಿ, ಒಳಗೆ ಬರತಕ್ಕದ್ದು.

ಈ ತೊಲೆಯ ಯುಕ್ತಿ ಯಾವುದರಲ್ಲಿದೆ? ಹೊರಗಿನವನು ಬಾಗಿಲನ್ನು ನೂಕುವ ದಿಕ್ಕು ಒಂದು, ಅಗಳಿ ಸರಿದಾಡುವ ದಿಕ್ಕು ಮತ್ತೊಂದು, ಒಂದಕ್ಕೊಂದು ಅಡ್ಡ. ಹೊರಗೆ ಹತ್ತು ಜನ ಸೇರಿ ನೂಕಿದರೂ ಅವರ ಬಲದಲ್ಲಿ ಒಂದು ಕಣವೂ ಅಗಳಿಯನ್ನು ಹಿಂದಕ್ಕೆ ಸರಿಸುವ ಕೆಲಸಕ್ಕೆ ಬರುವುದಿಲ್ಲ. ಬದಲಿಗೆ ಅದರ ಒತ್ತಡದಿಂದ ಘರ್ಷಣೆ ಹೆಚ್ಚಿ ಅಗಳಿ ಇನ್ನಷ್ಟು ಬಿಗಿಯಾಗಿ ಕೂಡುತ್ತದೆ. ಒಳಗಿನ ಹುಡುಗಿಯೊಬ್ಬಳು ಎಳೆದು ಹಾಕಿದ್ದನ್ನು ಹೊರಗಿನ ಪೈಲವಾನರು ತೆಗೆಯಲಾರರು. ಕೊಂಡಿ ಸಿಕ್ಕಿಸುವ ಸರಪಳಿಯಾಗಲಿ, ಬಚ್ಚಲಮನೆಯ ತಗಡಿನ ಬಾಗಿಲಿಗೆ ಹೊಡೆದ ನಾಲ್ಕಾಣೆಯ ಚಿಲಕವಾಗಲಿ ಈ ಲಂಬ ನ್ಯಾಯಕ್ಕೆ ಹೊರತಲ್ಲ. ಸಾಲದುದಕ್ಕೆ ಇವು ಯಾವುವೂ ಆಹಾರವನ್ನು ಬೇಡುವುದಿಲ್ಲ: ಹಾಕಿದ ಅಗಳಿ ಬೆಳಗಿನ ತನಕ ಹಾಕಿಯೇ ಇರುತ್ತದೆ, ಅದಕ್ಕೆ ಎಣ್ಣೆ ಬತ್ತಿ ಬೇಡ, ಕಾವಲು ಬೇಡ. ಮನೆಯವರೆಲ್ಲ ಪಂಢರಪುರಕ್ಕೆ ಹೋಗಿ ಬರುವಷ್ಟು ದಿನ ಕೊಂಡಿ ತನ್ನ ಕೆಲಸವನ್ನು ನೆನಪಿಟ್ಟುಕೊಂಡಿರಬಲ್ಲುದು.

ಹೊಸಮನೆಗಳಿಗೆ ಬಂದಿರುವ ಸ್ಪ್ರಿಂಗಿನ ಲ್ಯಾಚು ಬೇರೆ ಜಾತಿಯದು. ಆರ್ದೇಶಿರ್ ಗೋದ್ರೇಜರು ಮುಂಬಯಿಯಲ್ಲಿ 1897ರಲ್ಲಿ ಬೀಗ ತಯಾರಿಸಲು ತೊಡಗಿದಂದಿನಿಂದ ಅವರ ಮನೆತನದ ಹೆಸರು ನಮ್ಮಲ್ಲಿ ಬೀಗಕ್ಕೂ ಕಪಾಟಿಗೂ ಪರ್ಯಾಯವಾಗಿ ನಿಂತುಬಿಟ್ಟಿರುವುದರಿಂದ, ಯಾವ ಕಂಪನಿಯ ಲ್ಯಾಚನ್ನೂ ಜನ ಗೋದ್ರೇಜ್ ಲ್ಯಾಚೆಂದೇ ಕರೆಯುತ್ತಾರೆ. ಅದರ ನಾಲಗೆಯ ಒಂದು ಮುಖ ಇಳಿಜಾರು, ಮತ್ತೊಂದು ಮುಖ ಚಪ್ಪಟೆ. ಬಾಗಿಲನ್ನು ದೂಡಿದಾಗ ಇಳಿಜಾರಿನ ಮುಖ ಚೌಕಟ್ಟಿನ ತಗಡಿಗೆ ತಾಗಿ, ದೂಡಿದ ಬಲವನ್ನೇ ಪಕ್ಕಕ್ಕೆ ತಿರುಗಿಸಿಕೊಂಡು ನಾಲಗೆ ಒಳಗೆ ಸರಿಯುತ್ತದೆ. ತಗಡಿನ ಕಿಂಡಿ ಎದುರಾದೊಡನೆ ಸ್ಪ್ರಿಂಗು ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಎಳೆದರೆ ಚಪ್ಪಟೆ ಮುಖ ಅಡ್ಡ ನಿಲ್ಲುತ್ತದೆ. ಮುಚ್ಚುವುದಕ್ಕೆ ಇಚ್ಛೆ ಬೇಕಿಲ್ಲ, ತೆರೆಯುವುದಕ್ಕೆ ಮಾತ್ರ ಬೇಕು. ಇಚ್ಛೆಯಿಲ್ಲದೆ ಹಿಡಿದುಕೊಳ್ಳುವ ಈ ಗುಣ ನನಗೆ ಮೆಚ್ಚಿಕೆಯಾದುದಲ್ಲ. ನಿಪ್ಪಾಣಿಯ ಯಾವ ಬಡಾವಣೆಯಲ್ಲಾದರೂ ಕೇಳಿ ನೋಡಿ: ಹಾಲಿನವನಿಗೆ ಪಾತ್ರೆ ಹಿಡಿಯಲು ಹೊರಬಂದ ಗೃಹಿಣಿ, ಗಾಳಿಗೆ ಬಡಿದ ಬಾಗಿಲು, ಒಲೆಯ ಮೇಲೆ ಸೀಟಿ ಹೊಡೆಯುತ್ತಿರುವ ಕುಕ್ಕರು, ನೆರೆಯವರ ಮಾಳಿಗೆಯಿಂದ ಇಳಿಯುತ್ತಿರುವ ಹುಡುಗ, ಇಷ್ಟು ಪಾತ್ರಗಳ ಪ್ರಹಸನವೊಂದು ಪ್ರತಿ ಮನೆಯಲ್ಲೂ ಒಂದಲ್ಲ ಒಂದು ಸಲ ಆಡಲ್ಪಟ್ಟಿರುತ್ತದೆ.

ಪ್ರಹಸನವಾಗದೆ ಘೋರವಾದ ಸಂದರ್ಭಗಳೂ ಉಂಟು. ಅಮೆರಿಕೆಯ ಶಿಕಾಗೊದಲ್ಲಿ 1903ರ ಡಿಸೆಂಬರ್ 30ರಂದು ಇರೊಕ್ವಾ ಎಂಬ ನಾಟಕಶಾಲೆ ಹೊತ್ತಿ ಉರಿದಾಗ ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಹೊರದಾರಿಯ ಕೆಲವು ಬಾಗಿಲುಗಳಿಗೆ ಹಾಕಿದ್ದ ಚಿಲಕ ಪ್ರೇಕ್ಷಕರಿಗೆ ಪರಿಚಯವಿಲ್ಲದ ವಿದೇಶೀ ಬಗೆಯದಾಗಿತ್ತು, ಬಾಗಿಲ ಬಳಿಗೆ ಬಂದು ತಲುಪಿದವರಿಗೂ ಅದನ್ನು ತೆಗೆಯುವ ಬಗೆ ತಿಳಿಯಲಿಲ್ಲ. ಎದೆಯ ಮಟ್ಟದಲ್ಲಿ ಅಡ್ಡಲಾಗಿ ಒಂದು ದಂಡವಿದ್ದು, ನೂಕಿದರೆ ಸಾಕು, ಚಿಲಕ ಬಿಟ್ಟುಕೊಳ್ಳುವ ಬಾಗಿಲುಗಳನ್ನು ಈಗ ಸಿನಿಮಾಮಂದಿರಗಳಲ್ಲಿ ಕಾಣುತ್ತೇವೆ. ಅದು ಬಳಕೆಗೆ ಬಂದದ್ದು ಆ ದುರಂತದ ತರುವಾಯ. ಅದೇ ದೇಶದಲ್ಲಿ, ಹಳೆಯ ರೆಫ್ರಿಜರೇಟರಿನೊಳಗೆ ಆಟವಾಡುತ್ತ ಹೊಕ್ಕ ಮಕ್ಕಳು, ಹೊರಗಿನಿಂದ ಮಾತ್ರ ತೆರೆಯುವ ಅದರ ಚಿಲಕಕ್ಕೆ ಸಿಕ್ಕಿ ಉಸಿರುಗಟ್ಟಿ ಸಾಯುವುದು ಮೇಲಿಂದ ಮೇಲೆ ನಡೆಯುತ್ತಿದ್ದುದರಿಂದ, 1956ರಲ್ಲಿ ಕಾಯಿದೆಯೊಂದನ್ನು ಮಾಡಿ, ಒಳಗಿನಿಂದಲೂ ತೆರೆಯಲಾಗುವಂಥ ಪೆಟ್ಟಿಗೆಗಳನ್ನಷ್ಟೆ ಮಾರತಕ್ಕದ್ದೆಂದು ವಿಧಿಸಿದರು. ತಯಾರಕರು ಚಿಲಕವನ್ನು ಕಿತ್ತೊಗೆದು ಬಾಗಿಲಂಚಿನ ರಬ್ಬರಿನೊಳಗೆ ಅಯಸ್ಕಾಂತದ ಪಟ್ಟಿಯನ್ನಿಟ್ಟರು. ನಮ್ಮ ಅಡಿಗೆಮನೆಯ ಫ್ರಿಜ್ಜು ಹಿಡಿ ಜಗ್ಗಿದಾಗ ಮೆತ್ತಗೆ ಕಳಚಿಕೊಳ್ಳುವುದೇಕೆಂದು ಯಾರೂ ಕೇಳುವುದಿಲ್ಲ; ಅದರ ಹಿಂದೆ ಎಷ್ಟೋ ಮಕ್ಕಳ ಸಾವಿದೆ. ಚಿಲಕದ ಯೋಗ್ಯತೆಯನ್ನು ಅದು ಹಿಡಿಯುವ ಬಲದಿಂದಲೇ ಅಳೆಯುತ್ತ ಬಂದ ಮನುಷ್ಯನಿಗೆ, ಬಿಡುವ ಬಗೆಯಿಂದಲೂ ಅಳೆಯಬೇಕೆಂಬುದು ಹೊಳೆದದ್ದು ತೀರ ತಡವಾಗಿ.

ಇನ್ನು ವಿದ್ಯುತ್ತಿನ ಚಿಲಕ. ಅದನ್ನು ಕಾಣಲು ಕಂಪ್ಯೂಟರಿನ ಹೊಟ್ಟೆಯನ್ನು ಬಗೆಯಬೇಕಾಗಿಲ್ಲ. ದೂಧಗಂಗೆಯ ದಂಡೆಗಾಗಲಿ, ಕಬ್ಬು ತಂಬಾಕುಗಳ ನಡುವೆ ಇರುವ ಯಾವ ಬಾವಿಯ ಕಟ್ಟೆಗಾಗಲಿ ಹೋದರೆ, ತಗಡಿನ ಛಾವಣಿಯ ಗೂಡಿನಲ್ಲಿ ತೂಗುಹಾಕಿದ ಸ್ಟಾರ್ಟರ್ ಪೇಟಿಯಲ್ಲಿ ಅದು ಕುಳಿತಿರುತ್ತದೆ. ಪೇಟಿಯ ಮೊಗದ ಮೇಲೆ ಎರಡೇ ಗುಂಡಿ, ಹಸುರೊಂದು, ಕೆಂಪೊಂದು. ಹಸುರನ್ನು ಒತ್ತಿ ಬೆರಳು ತೆಗೆಯುತ್ತೀರಿ. ಗುಂಡಿ ತನ್ನ ಸ್ಥಾನಕ್ಕೆ ಮರಳುತ್ತದೆ. ಆದರೂ ಮೋಟಾರು ಓಡುತ್ತಲೇ ಇರುತ್ತದೆ. ಗುಂಡಿಯಲ್ಲಿ ಕೊಂಡಿಯಿಲ್ಲ, ಕೊಕ್ಕೆಯಿಲ್ಲ. ಹಾಗಾದರೆ ಆಜ್ಞೆಯನ್ನು ಹಿಡಿದು ನಿಂತವರು ಯಾರು?

ಪೇಟಿಯ ಮುಚ್ಚಳ ತೆಗೆದು (ಕರೆಂಟು ಕಡಿದು, ಎಂಬುದನ್ನು ಹೇಳುವ ಅಗತ್ಯ ಇರಬಾರದು) ನೋಡಿದರೆ ತಾಮ್ರದ ತಂತಿ ಸುತ್ತಿದ ಕಾಯಿಲೊಂದು ಕಾಣುತ್ತದೆ. ಹಸುರು ಗುಂಡಿ ಒತ್ತಿದಷ್ಟು ಹೊತ್ತು ಅದರಲ್ಲಿ ವಿದ್ಯುತ್ತು ಹರಿದು, ಅದು ಅಯಸ್ಕಾಂತವಾಗಿ, ಎದುರಿನ ಕಬ್ಬಿಣದ ತುಂಡನ್ನು ಸ್ಪ್ರಿಂಗಿನ ವಿರುದ್ಧವಾಗಿ ಖಟ್ಟೆಂದು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಆ ತುಂಡಿನ ಬೆನ್ನಿಗೆ ಕಟ್ಟಿದ ಮೂರು ದಪ್ಪ ಕಾಂಟ್ಯಾಕ್ಟುಗಳು ಕೂಡಿ ಮೂರೂ ಫೇಜು ಮೋಟಾರಿಗೆ ಹರಿಯುತ್ತವೆ. ಇಷ್ಟಾದರೆ ಇದು ಬರಿಯ ಸ್ವಿಚ್ಚು. ಸ್ವಾರಸ್ಯವಿರುವುದು ಇವುಗಳ ಮಗ್ಗುಲಲ್ಲಿ, ನೋಡಿದವರ ಕಣ್ಣಿಗೆ ಬೀಳದಷ್ಟು ಸಣ್ಣದಾದ ನಾಲ್ಕನೆಯ ಕಾಂಟ್ಯಾಕ್ಟಿನಲ್ಲಿ. ಅದರ ತಂತಿ ಮೋಟಾರಿಗೆ ಹೋಗುವುದಿಲ್ಲ. ಹಸುರು ಗುಂಡಿಯ ಎರಡು ತುದಿಗಳಿಗೆ ಸಮಾಂತರವಾಗಿ ಹೋಗುತ್ತದೆ. ಎಂದರೆ, ನಿಮ್ಮ ಬೆರಳು ತೆರೆದಿದ್ದ ದಾರಿಯ ಪಕ್ಕದಲ್ಲಿಯೇ ಕಾಯಿಲು ತನಗಾಗಿ ಒಂದು ಒಳದಾರಿಯನ್ನು ತೆರೆದುಕೊಂಡಿರುತ್ತದೆ. ಬೆರಳು ಹೋದರೂ ಆ ದಾರಿಯಿಂದ ಅದಕ್ಕೆ ವಿದ್ಯುತ್ತು ಬರುತ್ತದೆ. ವಿದ್ಯುತ್ತು ಬರುವುದರಿಂದ ಅದು ಎಳೆದುಕೊಂಡಿರುತ್ತದೆ. ಎಳೆದುಕೊಂಡಿರುವುದರಿಂದ ದಾರಿ ತೆರೆದಿರುತ್ತದೆ. ದಾರಿ ತೆರೆದಿರುವುದರಿಂದ ವಿದ್ಯುತ್ತು ಬರುತ್ತದೆ. ಕಾರ್ಯವೇ ತನ್ನ ಕಾರಣವನ್ನು ಪೋಷಿಸುವ ಈ ಚಕ್ರವನ್ನು ತರ್ಕಶಾಸ್ತ್ರಿಗಳು ಅನ್ಯೋನ್ಯಾಶ್ರಯವೆಂಬ ದೋಷದ ಪಟ್ಟಿಯಲ್ಲಿ ಸೇರಿಸಿಯಾರು. ಬಾವಿಯ ಕಟ್ಟೆಯ ಮೇಲೆ ಅದೇ ದೋಷ ಎಕರೆಗಟ್ಟಲೆ ಕಬ್ಬಿಗೆ ನೀರುಣಿಸುತ್ತಿದೆ. ಕೆಂಪು ಗುಂಡಿ ಈ ಚಕ್ರದೊಳಗೆ ಸರಣಿಯಲ್ಲಿ ಕುಳಿತಿರುವ ಒಂದು ಕೊಂಡಿ, ಒತ್ತಿದರೆ ಅರೆಗಳಿಗೆ ಕಳಚಿಕೊಳ್ಳುವಂಥದು. ಮೋಟಾರು ಹೆಚ್ಚು ಹೊರೆ ಹೊತ್ತು ಕಾದರೆ ಬಾಗಿ ಚಕ್ರವನ್ನು ಕಡಿಯುವ ಎರಡು ಲೋಹದ ಪಟ್ಟಿಯ ರಿಲೇ ಕೂಡ ಅದೇ ಸರಣಿಯಲ್ಲಿದೆ. ಒಮ್ಮೆ ಕಡಿಯಿತೆಂದರೆ ಸ್ಪ್ರಿಂಗು ಎಲ್ಲವನ್ನೂ ಹಿಂದಕ್ಕೆ ಚಿಮ್ಮಿಸುತ್ತದೆ, ಒಳದಾರಿ ಮುಚ್ಚುತ್ತದೆ, ಮತ್ತೆ ಬೆರಳು ಬರುವ ತನಕ ಸಮಾಚಾರವಿಲ್ಲ.

ವಾಡೆಯ ಅಗಳಿಗೂ ಈ ಅಗಳಿಗೂ ಇರುವ ಮೂಲಭೂತವಾದ ಭೇದ ಇಲ್ಲಿದೆ. ಮರದ ಅಗಳಿ ಉಪವಾಸವಿದ್ದು ನೆನಪಿಟ್ಟುಕೊಳ್ಳುತ್ತದೆ. ಇದು ಊಟವಿದ್ದಷ್ಟು ಹೊತ್ತು ಮಾತ್ರ. ಕರೆಂಟು ಹೋದ ನಿಮಿಷದಲ್ಲಿ ಸ್ಟಾರ್ಟರಿಗೆ ತಾನು ಓಡಿಸುತ್ತಿದ್ದೆನೆಂಬ ಅರಿವೇ ಅಳಿದುಹೋಗುತ್ತದೆ, ಕರೆಂಟು ಮರಳಿದಾಗ ಅದು ಹೊಸದಾಗಿ ಹುಟ್ಟಿದಂತಿರುತ್ತದೆ.

ಇದೇ ಚಕ್ರವನ್ನು ಕಾಯಿಲಿಲ್ಲದೆ, ಚಲಿಸುವ ಕಬ್ಬಿಣವಿಲ್ಲದೆ ಕಟ್ಟಲು ಸಾಧ್ಯವೆಂಬುದನ್ನು 1918ರಲ್ಲಿ, ಮೊದಲನೆಯ ಮಹಾಯುದ್ಧ ಇನ್ನೂ ಮುಗಿಯದಿರುವಾಗ, ಇಂಗ್ಲೆಂಡಿನ ವಿಲಿಯಂ ಎಕಲ್ಸ್ ಮತ್ತು ಫ್ರ್ಯಾಂಕ್ ಜಾರ್ಡನ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿ ಪೇಟೆಂಟಿಗೆ ಅರ್ಜಿ ಹಾಕಿದರು. ಅವರು ಬಳಸಿದ್ದು ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದ ಬಗೆಯ ಎರಡು ನಿರ್ವಾತ ಕೊಳವೆಗಳನ್ನು. ಪ್ರತಿಯೊಂದು ಕೊಳವೆಯ ಫಲಕವನ್ನು ಮತ್ತೊಂದರ ಜಾಲರಿಗೆ ಜೋಡಿಸಿದರು. ಮೊದಲನೆಯದು ವಿದ್ಯುತ್ತನ್ನು ಹರಿಯಗೊಟ್ಟರೆ ಅದರ ಫಲಕದ ವೋಲ್ಟೇಜು ಇಳಿದು ಎರಡನೆಯದರ ಜಾಲರಿಯನ್ನು ಅದುಮುತ್ತದೆ, ಎರಡನೆಯದು ಬಾಯಿ ಮುಚ್ಚುತ್ತದೆ. ಅದು ಮುಚ್ಚಿದ್ದರಿಂದ ಅದರ ಫಲಕದ ವೋಲ್ಟೇಜು ಏರಿ ಮೊದಲನೆಯದರ ಜಾಲರಿಯನ್ನು ಎತ್ತಿ ಹಿಡಿಯುತ್ತದೆ, ಮೊದಲನೆಯದು ಹರಿಸುತ್ತಲೇ ಇರುತ್ತದೆ. ಹೊರಗಿನಿಂದ ಸಣ್ಣದೊಂದು ಪೆಟ್ಟು ಕೊಟ್ಟರೆ ಪಾತ್ರಗಳು ಅದಲುಬದಲಾಗಿ, ಮುಂದಿನ ಪೆಟ್ಟಿನವರೆಗೆ ಹಾಗೆಯೇ ನಿಲ್ಲುತ್ತವೆ. ಎರಡೇ ಸ್ಥಿತಿ, ಎರಡೂ ಸ್ಥಿರ. 1946ರಲ್ಲಿ ಲೋಕದ ಕಣ್ಣಿಗೆ ಬಿದ್ದ ಎನಿಯಾಕ್ ಯಂತ್ರ ಸುಮಾರು ಹದಿನೆಂಟು ಸಾವಿರ ಕೊಳವೆಗಳಿಂದ ಲೆಕ್ಕ ಮಾಡಿತಲ್ಲವೆ, ಅದು ಅಂಕೆಗಳನ್ನು ಎಣಿಸಿ ಇಟ್ಟುಕೊಂಡದ್ದು ಇಂಥ ಜೋಡಿಗಳಲ್ಲಿಯೇ. ಇಂದು ಕೊಳವೆಯ ಬದಲು ಟ್ರಾನ್ಸಿಸ್ಟರು: ನಾಲ್ಕು ಟ್ರಾನ್ಸಿಸ್ಟರುಗಳು ಸೇರಿ ಒಂದನ್ನೊಂದು ಹಿಡಿದಿಡುವ ಜೋಡಿಯಾಗುತ್ತವೆ, ಇನ್ನೆರಡು ಆ ಜೋಡಿಯ ಬಳಿಗೆ ಹೋಗಿಬರುವ ಬಾಗಿಲಾಗುತ್ತವೆ, ಒಂದು ಬಿಟ್ ನೆನಪಿಗೆ ಆರು. ಪ್ರಾಸೆಸರಿನ ಕ್ಯಾಶಿನಲ್ಲಿ ಒಂದು ಮೆಗಾಬೈಟು ಜಾಗವಿದ್ದರೆ ಅಷ್ಟಕ್ಕೇ ಐದು ಕೋಟಿ ಟ್ರಾನ್ಸಿಸ್ಟರು ಬೇಕು. ನಮ್ಮೂರ ಎಳೆಯರ ಅಂಗಿಯ ಜೇಬಿನಲ್ಲಿ ಕೋಟಿಗಟ್ಟಲೆ ಚಿಲಕಗಳಿವೆ. ಬ್ಯಾಟರಿ ತೀರಿದೊಡನೆ ಅವಿಷ್ಟೂ ಮರೆಯುತ್ತವೆ.

ಕಾಲೇಜಿನಲ್ಲಿ ಇದನ್ನು ಕಲಿಸುವವರು ಎರಡು ನಾರ್ ಗೇಟುಗಳ ಚಿತ್ರ ಬರೆದು ಒಂದರ ಉತ್ತರವನ್ನು ಮತ್ತೊಂದರ ಪ್ರಶ್ನೆಯಾಗಿ ಜೋಡಿಸುತ್ತಾರೆ. ನಾರ್ ಗೇಟೆಂದರೆ, ಬರುವ ಎರಡು ದಾರಿಗಳೂ ನಿಶ್ಶಬ್ದವಾಗಿದ್ದಾಗ ಮಾತ್ರ ಮಾತನಾಡುವ, ಒಂದರಲ್ಲಿ ಸದ್ದು ಬಂದರೂ ಮೌನ ಹಿಡಿಯುವ ಮಂಡಲ. ‘ಸೆಟ್’ ಎಂಬ ದಾರಿಯಲ್ಲಿ ಸಂಕೇತ ಕೊಟ್ಟರೆ ಒಂದು ಸ್ಥಿತಿ, ‘ರಿಸೆಟ್’ ಎಂಬುದರಲ್ಲಿ ಕೊಟ್ಟರೆ ಮತ್ತೊಂದು. ಎರಡನ್ನೂ ಸುಮ್ಮನೆ ಬಿಟ್ಟರೆ ಕಡೆಯ ಆಜ್ಞೆಯೇ ಚಿರಸ್ಥಾಯಿ. ಎರಡನ್ನೂ ಏಕಕಾಲಕ್ಕೆ ಕೊಡುವುದು ನಿಷಿದ್ಧ. ಮಕ್ಕಳು ಈ ನಿಷೇಧವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆದರೆ ಲ್ಯಾಚಿನ ತತ್ತ್ವಶಾಸ್ತ್ರವೆಲ್ಲ ಅಲ್ಲಿಯೇ ಇದೆಯೆಂದು ನನ್ನ ಮತ. ಎರಡೂ ಸಂಕೇತಗಳಿರುವ ತನಕ ಎರಡು ಗೇಟುಗಳೂ ಮೌನವಾಗಿರುತ್ತವೆ, ಅದರಲ್ಲಿ ಅಪಾಯವೇನೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಂದಕ್ಕೆ ತೆಗೆದಾಗಲೇ ಪೇಚು. ಆಗ ಎರಡೂ ಮಾತನಾಡಲು ಹೊರಡುತ್ತವೆ, ಪ್ರತಿಯೊಂದೂ ಮತ್ತೊಂದನ್ನು ಸುಮ್ಮನಾಗಿಸಲು ಹೆಣಗುತ್ತದೆ, ಯಾವುದು ಗೆದ್ದೀತೆಂದು ಮುಂಗಂಡು ಹೇಳಲಾಗದು. ಹೊಸ್ತಿಲ ಏಣಿನ ಮೇಲೆ ನಿಲ್ಲಿಸಿದ ಲಿಂಬೆಹಣ್ಣು ಒಳಗೂ ಉರುಳದೆ ಹೊರಗೂ ಉರುಳದೆ ಒಂದು ಗಳಿಗೆ ತಡೆದು ನಿಲ್ಲಬಲ್ಲಂತೆ ಮಂಡಲವೂ ಸೊನ್ನೆಯೂ ಅಲ್ಲದ ಒಂದೂ ಅಲ್ಲದ ನಡುವಣ ವೋಲ್ಟೇಜಿನಲ್ಲಿ ತಡೆದು ನಿಲ್ಲಬಹುದು. ಸೂಕ್ಷ್ಮವಾದ ಗದ್ದಲವೊಂದು ಅದನ್ನು ಯಾವುದಾದರೊಂದು ಪಕ್ಕಕ್ಕೆ ಕೆಡವುವುದು ನಿಶ್ಚಯ. ಎಷ್ಟು ಹೊತ್ತಿನೊಳಗೆ ಎಂಬುದಕ್ಕೆ ಮಾತ್ರ ಮೇಲ್ಮಿತಿಯಿಲ್ಲ.

ಯಂತ್ರಕ್ಕೂ ಧರ್ಮಸಂಕಟವಿದೆಯೆಂಬ ಈ ಮಾತನ್ನು ಎಂಜಿನಿಯರುಗಳು ಬಹುಕಾಲ ನಂಬಲಿಲ್ಲ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ ಎಂಬವರು 1973ರಲ್ಲಿ ಆಸಿಲೋಸ್ಕೋಪಿನ ಚಿತ್ರಗಳೊಡನೆ ಅದನ್ನು ಪ್ರಕಟಿಸಿದ ಮೇಲೆ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಪರಿಹಾರವಾಗಿ ಮಾಡುವುದಿಷ್ಟೆ: ಮೊದಲ ಲ್ಯಾಚಿನ ತೀರ್ಪನ್ನು ತಕ್ಷಣ ನಂಬದೆ, ಸ್ವಲ್ಪ ಕಾಲ ಕೊಟ್ಟು, ಎರಡನೆಯದೊಂದರ ಕೈಯಿಂದ ಓದಿಸುವುದು. ಕಾಯ್ದಷ್ಟೂ ತಪ್ಪಿನ ಸಂಭವ ಬಹು ವೇಗವಾಗಿ ಕುಗ್ಗುತ್ತದೆ, ಶೂನ್ಯವಾಗುವುದಿಲ್ಲ. ಗಡಿನಾಡಿನಲ್ಲಿ ಬಾಳುವ ನಮಗೆ, ಇತ್ತಲೂ ಅಲ್ಲದ ಅತ್ತಲೂ ಅಲ್ಲದ ಸ್ಥಿತಿ ಎಷ್ಟು ಕಾಲ ಬೇಕಾದರೂ ಬಾಳಬಲ್ಲುದೆಂದು ಹೇಳಲು ಆಸಿಲೋಸ್ಕೋಪು ಬೇಕಾಗಿರಲಿಲ್ಲ. ಆದರೆ ಆ ಮಾತು ಇಲ್ಲಿ ಬೇಡ.

ಒಮ್ಮೆ ಈ ಕಣ್ಣು ಬಂದಮೇಲೆ ಎಲ್ಲೆಡೆಯೂ ಲ್ಯಾಚುಗಳೇ. ಟೋಲ್ ನಾಕೆಯಲ್ಲಿ ಲಾರಿಯ ಗಾಜಿಗಂಟಿಸಿದ ಫಾಸ್ಟ್ಯಾಗನ್ನು, 2021ರ ಫೆಬ್ರುವರಿಯಿಂದ ಕಡ್ಡಾಯವಾದುದನ್ನು, ಮೇಲಿನ ಕಣ್ಣು ಓದಿತೆಂದರೆ ಅಡ್ಡಗಂಬ ಏಳುತ್ತದೆ. ಓದು ಮುಗಿದ ಮೇಲೂ ಎದ್ದೇ ಇರುತ್ತದೆ. ಡಾಂಬರಿನ ಕೆಳಗೆ ಹುಗಿದ ತಂತಿಯ ಸುರುಳಿ ಲಾರಿ ದಾಟಿದ್ದನ್ನು ಅರಿತು ತಿಳಿಸಿದಾಗ ಇಳಿಯುತ್ತದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿಯೂ ಹೈದರಾಬಾದಿನಲ್ಲಿಯೂ ತಯಾರಾಗುವ ಮತಯಂತ್ರ, 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಗೆ ಬಂದುದು, ಒಬ್ಬನ ಬೆರಳು ತಾಗಿದೊಡನೆ ಬಿಗಿದುಕೊಂಡುಬಿಡುತ್ತದೆ. ಆಮೇಲೆ ಅವನು ಗುಂಡಿಗಳನ್ನೆಲ್ಲ ಹಾರ್ಮೋನಿಯಂ ಬಾರಿಸಿದಂತೆ ಬಾರಿಸಿದರೂ ಲೆಕ್ಕಕ್ಕಿಲ್ಲ, ಮತಗಟ್ಟೆಯ ಅಧಿಕಾರಿ ತನ್ನ ಗುಂಡಿಯನ್ನೊತ್ತಿದಾಗಲೇ ಮುಂದಿನವನಿಗೆ ಅವಕಾಶ. ನಮ್ಮ ಪಂಖದ ರೆಗ್ಯುಲೇಟರಿನಲ್ಲಿರುವ ಟ್ರಯಾಕು ಕೂಡ ಒಂದು ಚಿಲಕವೇ: ಒಮ್ಮೆ ಕಿಡಿ ಮುಟ್ಟಿಸಿದರೆ ತೆರೆದುಕೊಂಡೇ ಇರುತ್ತದೆ, ಹರಿಯುವ ವಿದ್ಯುತ್ತು ಶೂನ್ಯಕ್ಕಿಳಿದಾಗ ಮಾತ್ರ ಮುಚ್ಚುತ್ತದೆ. ನಮ್ಮ ಐವತ್ತು ಹರ್ಟ್ಸಿನ ಕರೆಂಟು ಸೆಕೆಂಡಿಗೆ ನೂರು ಸಲ ಶೂನ್ಯವನ್ನು ಮುಟ್ಟುವುದರಿಂದ ಅದಕ್ಕೆ ನೂರು ಸಲ ಮರೆವು, ನೂರು ಸಲ ನೆನಪು. ಆ ಮರೆವು ನೆನಪುಗಳ ನಡುವಣ ಅಂತರವನ್ನು ಹಿಗ್ಗಿಸಿ ಕುಗ್ಗಿಸಿಯೇ ನಾವು ಗಾಳಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವುದು.

ಆದರೆ ರೈತನಿಗೆ ಪ್ರಿಯವಾಗದಿರುವುದು ಈ ಮರೆವೇ. ನೀರೆತ್ತುವುದಕ್ಕೆ ಮೂರು ಫೇಜಿನ ಕರೆಂಟು ಬರುವುದು ಪಾಳಿಯಂತೆ, ದಿನದ ಕೆಲವೇ ಗಂಟೆ. ಆ ಪಾಳಿ ಎಷ್ಟೋ ಸಲ ಅಪರಾತ್ರಿಯಲ್ಲಿ. ಬಂದದ್ದು ನಡುವೆ ಒಮ್ಮೆ ಕಣ್ಣು ಮಿಟುಕಿಸಿದರೂ ಸಾಕು, ಸ್ಟಾರ್ಟರು ಬಿಟ್ಟುಬಿಡುತ್ತದೆ. ಕಬ್ಬಿನ ಸಾಲಿನಲ್ಲಿ ಹಾವಿದ್ದೀತೆಂದು ಬ್ಯಾಟರಿ ಬಿಡುತ್ತ ಮತ್ತೆ ಬಾವಿಗೆ ನಡೆಯಬೇಕು. ನಮ್ಮ ಬದುವಿಗೆ ಹತ್ತಿದ ಹೊಲದ ರೈತನೊಬ್ಬ ಒಂದು ದಿನ ಪೇಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ತಂಬಾಕಿನ ಒಣದಂಟಿನ ಚೂರೊಂದನ್ನು ಚಾಕುವಿನಿಂದ ಹದವಾಗಿ ಕೆತ್ತಿ, ಒತ್ತಿ ಹಿಡಿದ ಹಸುರು ಗುಂಡಿಗೂ ಅದರ ಬಳೆಗೂ ನಡುವೆ ಸಿಕ್ಕಿಸುತ್ತಿದ್ದ.

“ಮಾಸ್ತರ, ಈ ಪೇಟಿಗೆ ಬುದ್ಧಿ ಐತಿ, ನೆನಪಿಲ್ಲ ನೋಡ್ರಿ. ಕರೆಂಟ್ ಹೋತಂದ್ರ ನಾ ಏನ್ ಹೇಳಿದ್ದೆ ಅನ್ನೂದನ್ನ ಮರತಽ ಬಿಡ್ತೈತಿ. ಅದಕ್ಕ ಈ ಬೆಣಿ ಹೊಡದೇನಿ.”

“ಅಲ್ಲೋ ತಮ್ಮಾ, ಕೆಂಪ ಗುಂಡಿ ಒತ್ತಿದರ ನಿಂದರತೈತೇನು?”

“ಒತ್ತಿ ಹಿಡಕೊಂಡ್ರ ನಿಂದರತೈತ್ರಿ. ಬಿಟ್ಟ್ರ ಮತ್ತ ಹೊಂಡತೈತಿ.”

ಕೆಂಪು ಗುಂಡಿಯ ಅಧಿಕಾರವನ್ನು ಕಸಿದುಕೊಂಡ ಆ ಬೆಣೆ ಲ್ಯಾಚನ್ನು ಲ್ಯಾಚಾಗಿ ಉಳಿಸಿರಲಿಲ್ಲ. ಹಿಡಿಯುವುದನ್ನಷ್ಟೇ ಬಲ್ಲ, ಬಿಡುವುದನ್ನರಿಯದ ಹಳೆಯ ಫ್ರಿಜ್ಜಿನ ಚಿಲಕದ ಕುಲಕ್ಕೆ ಅದನ್ನು ತಳ್ಳಿತ್ತು. ಪೇಟಿ ಮಾಡಿದವನು ಮರೆವನ್ನು ಬುದ್ಧಿಪೂರ್ವಕವಾಗಿ ಇಟ್ಟಿದ್ದಾನೆ. ಕರೆಂ‌ಟಿಲ್ಲವೆಂದು ಪಂಪಿನ ಬೆಲ್ಟಿಗೋ ಕಪ್ಲಿಂಗಿಗೋ ಕೈ ಹಾಕಿ ಕುಳಿತವನ ಕೈಯನ್ನು ಮರಳಿ ಬಂದ ಕರೆಂಟು ಎಳೆದುಕೊಳ್ಳಬಾರದೆಂಬುದು ಅದರ ಉದ್ದೇಶ. ಇನ್ನೊಂದು ಕಾರಣವೂ ಉಂಟು. ನಿಂತ ಮೋಟಾರು ಹೊರಡುವಾಗ, ಓಡುತ್ತಿರುವಾಗ ತಿನ್ನುವುದರ ಸುಮಾರು ಆರು ಪಟ್ಟು ವಿದ್ಯುತ್ತನ್ನು ಕೆಲವು ಕ್ಷಣ ಕಬಳಿಸುತ್ತದೆ. ಒಂದು ಟಿಸಿಯ, ಎಂದರೆ ಟ್ರಾನ್ಸ್‌ಫಾರ್ಮರಿನ, ಮೇಲಿನ ಮೋಟಾರುಗಳೆಲ್ಲ ಮರೆಯದೆ ನೆನಪಿಟ್ಟುಕೊಂಡು ಕರೆಂಟು ಬಂದ ಕ್ಷಣದಲ್ಲಿ ಏಕಕಾಲಕ್ಕೆ ಎದ್ದರೆ ಫ್ಯೂಜು ಹಾರುತ್ತದೆ, ಇಲ್ಲವೆ ಟಿಸಿಯೇ ಸುಡುತ್ತದೆ. ಸುಟ್ಟ ಟಿಸಿ ಬದಲಾಗುವ ತನಕ ಹತ್ತು ಜನರ ಬೆಳೆ ಒಣಗುತ್ತದೆ. ಇದನ್ನೆಲ್ಲ ನಾನು ವಿಸ್ತರಿಸಿ ಹೇಳಿದಾಗ ಅವನು ಸಮಾಧಾನದಿಂದ ಕೇಳಿ, ರಾತ್ರಿ ಎರಡು ಗಂಟೆಗೆ ಗುಂಡಿ ಒತ್ತಲು ಮಾಸ್ತರರು ಬರುವುದಾದರೆ ಬೆಣೆ ತೆಗೆಯುವುದಕ್ಕೆ ತನ್ನ ಅಭ್ಯಂತರವಿಲ್ಲವೆಂದ. ನ್ಯಾಯವಾದ ಮಾತು. ಸುರಕ್ಷೆಯ ಉಪನ್ಯಾಸ ಮಾಡುವವರು ಸಾಮಾನ್ಯವಾಗಿ ಆ ಹೊತ್ತಿನಲ್ಲಿ ನಿದ್ರೆಯಲ್ಲಿರುತ್ತಾರೆ.

ಈಚೆಗೆ ಅವನು ಬೆಣೆಯನ್ನು ತೆಗೆದು ಆಟೋ ಸ್ವಿಚ್ಚು ಹಾಕಿಸಿದ್ದಾನೆ. ಕರೆಂಟು ಬಂದಾಗ ಅದು ಮೂರೂ ಫೇಜು ಸರಿಯಾಗಿವೆಯೇ ಎಂದು ನೋಡಿ, ಕೆಲವು ಸೆಕೆಂಡು ತಡೆದು, ತಾನೇ ಹಸುರು ಗುಂಡಿಯ ಕೆಲಸ ಮಾಡುತ್ತದೆ. ಕೆಂಪು ಗುಂಡಿಗೆ ಹಿಂದಿನ ಅಧಿಕಾರ ಮರಳಿದೆ, ಆದರೆ ಬೆಲ್ಟಿಗೆ ಕೈ ಹಾಕುವ ಮುನ್ನ ಸ್ವಿಚ್ಚನ್ನು ಬಂದು ಮಾಡಬೇಕೆಂಬ ಎಚ್ಚರವನ್ನು ಈಗ ಪೇಟಿಯ ಬದಲು ಮನುಷ್ಯನೇ ಇಟ್ಟುಕೊಳ್ಳಬೇಕು. ತಡೆಯುವ ಕಾಲವನ್ನು ಸಣ್ಣ ತಿರುಗುಣಿಯೊಂದರಿಂದ ಹೆಚ್ಚು ಕಡಿಮೆ ಮಾಡಬಹುದು. ಅವನ ಟಿಸಿಯ ಮೇಲಿರುವ ಉಳಿದ ರೈತರೂ ಒಬ್ಬೊಬ್ಬರಾಗಿ ಅದನ್ನೇ ಹಾಕಿಸಿದ್ದರಿಂದ, ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದು ಟಿಸಿ ಸುಡಬಾರದೆಂದು ಮಾರುತಿ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿ, ತಿರುಗುಣಿಗಳನ್ನು ಒಂದಾದ ಮೇಲೊಂದು ಮೋಟಾರು ಹೊರಡುವಂತೆ ಬೇರೆ ಬೇರೆ ಕಾಲಕ್ಕೆ ಇಡತಕ್ಕದ್ದೆಂದು ಗೊತ್ತುಮಾಡಿದ್ದಾರೆ. ಯಾರದು ಮೊದಲು ಎಂಬುದರ ಮೇಲೆ ಮಾತು ನಿಂತಿದೆ. ಬಾವಿಗಳ ಸೆಲೆ ಒಂದೇ ಆದುದರಿಂದ ಮೊದಲು ಎತ್ತಿದವನಿಗೆ ನೀರು ಹೆಚ್ಚೆಂದು ಕೆಲವರ ವಾದ, ಕೆಲವು ಸೆಕೆಂಡಿನಲ್ಲಿ ಏನು ವ್ಯತ್ಯಾಸವೆಂದು, ತಾವೇ ಮೊದಲಾಗಲು ಸಿದ್ಧರಿರುವ ಇನ್ನು ಕೆಲವರ ವಾದ. ಮುಂದಿನ ಸಭೆ ಅಮಾವಾಸ್ಯೆಯ ಮಾರನೆಯ ದಿನ ಇದೆ. ನನ್ನನ್ನು ಪಂಚನಾಗಿ ಬರಲು ಕರೆದಿದ್ದಾರೆ.